ಓದಿನ ತೊಡಕು: ಬೀದರ್ ಗಡಿಸೀಮೆ

ಬುದ್ಧಿ, ದೃಷ್ಟಿ, ಶ್ರವಣ ಸರಿಯಿದ್ದೂ ಓದು, ಬರಹ ಇಲ್ಲವೇ ಲೆಕ್ಕ ಮಗುವಿಗೆ ಒಗ್ಗದಿರುವುದು ನಿರ್ದಿಷ್ಟ ಕಲಿಕಾ ನ್ಯೂನತೆ. ಓದಿಗೆ ಸಂಬಂಧಿಸಿದ್ದು ಡಿಸ್ಲೆಕ್ಸಿಯಾ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ.

ಕನ್ನಡ ಓದಿನ ಕುರಿತು ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯವಾದುದು. ಅದರ ಪ್ರಕಾರ ಗುಣಿತಾಕ್ಷರ, ಒತ್ತಕ್ಷರ ಸೇರಿ ನೂರಾರು ರೂಪಗಳು ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು. ಬಿಡಿ ಧ್ವನಿಗಳ ಅರಿವೂ ನಿಧಾನವಾಗಿಯೇ ಮೂಡುತ್ತದೆ. ಹಾಗಾಗಿ ಇಂಗ್ಲಿಷಿಗೆಂದು ಹೆಣೆದ ಡಿಸ್ಲೆಕ್ಸಿಯಾ ಪರೀಕ್ಷೆಯನ್ನು ಕನ್ನಡ ಓದುವ ಮಕ್ಕಳ ಮೇಲೆ ಹಾಗೆಯೇ ಹೇರುವುದು ಅನ್ಯಾಯ.

ಬೀದರಿನಲ್ಲಿ ಸಂಗತಿ ಇನ್ನೂ ಸೂಕ್ಷ್ಮ. ನಗರದಲ್ಲಿ ಉರ್ದು, ದಖನಿ. ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ಮರಾಠಿ ಅನೇಕರ ಮನೆಮಾತು. ಮರಾಠಿಯಲ್ಲಿ ಎ–ಏ ವ್ಯತ್ಯಾಸದಿಂದ ಅರ್ಥ ಬದಲಾಗದು. ಕನ್ನಡದಲ್ಲಿ ‘ಕೆರೆ’ ಎಂದರೆ ನೀರು ನಿಲ್ಲುವ ತಾಣ, ‘ಕೇರೆ’ ಎಂದರೆ ಹಾವು. ಮರಾಠಿ ಬರೆಯುವ ದೇವನಾಗರಿಯಲ್ಲಿ ಹ್ರಸ್ವ ಇಕಾರದ ಗುರುತು ವ್ಯಂಜನದ ಎಡಕ್ಕೆ ಬರುತ್ತದೆ. ಕನ್ನಡದ ‘ಸೂರ್ಯ’ದಲ್ಲಿ ಯಕಾರಕ್ಕಿಂತ ಮೊದಲು ನುಡಿಯುವ ರಕಾರ ಅರ್ಕಾವೊತ್ತಾಗಿ ಕೊನೆಯಲ್ಲಿ ಕೂರುತ್ತದೆ. ಮರಾಠಿ ಮನೆಯ ಮಗು ಇಲ್ಲೆಲ್ಲ ತಡವರಿಸಿದರೆ ಅದು ಎರಡು ಭಾಷೆ, ಲಿಪಿಗಳ ನಡುವಿನ ಸಹಜ ಹೊಂದಾಣಿಕೆಯಿರಬಹುದು. ನಿಜವಾದ ಡಿಸ್ಲೆಕ್ಸಿಯಾ ಸಾಮಾನ್ಯವಾಗಿ ಮನೆಮಾತಿನ ಓದಿನಲ್ಲೂ ಕಾಣಿಸಿಕೊಳ್ಳುತ್ತದೆ, ಒಳ್ಳೆಯ ಪಾಠದ ನಂತರವೂ ಉಳಿಯುತ್ತದೆ.

ಮನೆಮಾತಿನಲ್ಲೂ ಪರೀಕ್ಷಿಸದೆ ಇಲ್ಲಿನ ಯಾವ ಮಗುವಿಗೂ ಡಿಸ್ಲೆಕ್ಸಿಯಾದ ಹಣೆಪಟ್ಟಿ ಹಚ್ಚಬಾರದು.