ಠಾಣೆಯ ಪುಸ್ತಕದಿಂದ ಮೀನಾ ಅಬ್ದುಲ್ಲಾವರೆಗೆ

ಕುವೈತಿನ ಮೀನಾ ಅಬ್ದುಲ್ಲಾದಲ್ಲಿ ಅಮೀನಾಯಿಲ್ ಕಂಪನಿಯ ತೈಲ ಸಂಸ್ಕರಣಾಗಾರ ಶುರುವಾದದ್ದು 1958ರಲ್ಲಿ. ಇಂಥ ಕಡೆ ಕೆಲಸಕ್ಕೆಂದು ಕುವೈತಿಗೆ ಹೊರಡುವ ಮಂಗಳೂರು, ಉಡುಪಿಯವರು ಇಂದು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಅರ್ಜಿ ಹಾಕುತ್ತಾರೆ. ಅರ್ಜಿ ಪಾಸ್‌ಪೋರ್ಟ್ ಕಚೇರಿಗೆ, ವರದಿ ಊರಿನ ಠಾಣೆಯಿಂದ. ಆ ವರದಿಯ ಹಿಂದಿರುವ ಪೊಲೀಸ್ ದಾಖಲೆ ಪದ್ಧತಿ ಹುಟ್ಟಿದ್ದು ಪ್ರಜೆಯ ಅನುಕೂಲಕ್ಕಲ್ಲ, ಆಳುವವರ ಅನುಮಾನದಿಂದ. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್, ರಾಜ್ಯಧರ್ ಕೋನಾಯ್ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಬೆನ್ನಿಗೆ ಒತ್ತಿಸಿಕೊಂಡ. ಆತ ಮುಂದೆ ಮಾತು ತಪ್ಪಬಾರದೆಂಬುದೇ ಉದ್ದೇಶ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಂತೂ ತಪ್ಪು ಮಾಡುವ ಮೊದಲೇ ಇಡೀ ಸಮುದಾಯಗಳನ್ನು ಪಟ್ಟಿಗೆ ಸೇರಿಸಿತು. ಅದು ರದ್ದಾದದ್ದು 1952ರಲ್ಲಿ. ನಡುವೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅಲ್ಲಿ ವರ್ಗೀಕರಣಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಪದ್ಧತಿಗೆ ಅಂಟಿದ ಹೆಸರು ಎಡ್ವರ್ಡ್ ಹೆನ್ರಿಯದು. ಇದು ಇಂದಿಗೂ ನೋಯಿಸುವ ಅನ್ಯಾಯ.

ತೈಲಾಗಾರದಂಥ ಅಪಾಯದ ಜಾಗಕ್ಕೆ ಬರುವವರ ಹಿನ್ನೆಲೆ ತಿಳಿಯಬೇಡವೇ ಎಂದು ಕೇಳಬಹುದು. ತಿಳಿಯಬೇಕು, ಒಪ್ಪುತ್ತೇನೆ. ಆದರೆ ದೂರು, ಆರೋಪಪಟ್ಟಿ, ಶಿಕ್ಷೆ ಇವು ಮೂರೂ ಒಂದೇ ಅಲ್ಲ. ಎಫ್‌ಐಆರ್‌ನಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ. ಖುಲಾಸೆಯಾದವನ ಹೆಸರಿನ ಮುಂದೆ ಆ ತೀರ್ಪು ದಾಖಲಾಗದಿದ್ದರೆ, ನ್ಯಾಯಾಲಯ ಬಿಟ್ಟವನನ್ನು ಠಾಣೆಯ ಪುಸ್ತಕ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ತಿದ್ದಿಸುವವರೆಗೆ ವೀಸಾದ ಗಡುವು ಕಾಯುವುದಿಲ್ಲ. ಆದ್ದರಿಂದ ತನ್ನ ಬಗ್ಗೆ ಬರೆದಿಟ್ಟದ್ದನ್ನು ಉದ್ಯೋಗದಾತನಿಗಿಂತ ಮೊದಲು ಓದಿ, ತಪ್ಪಿದ್ದರೆ ತಿದ್ದಿಸುವ ಅವಕಾಶ ಅರ್ಜಿದಾರನಿಗೇ ಸಿಗಬೇಕು.