ಚಪ್ಪಾಳೆಯ ಕೈಗೆ ಕಸದ ಕೆಲಸ

ಪ್ಲಾಸ್ಟಿಕ್ ಚೀಲ ಕಡಿಮೆ ಮಾಡುವ ಹೋರಾಟದಲ್ಲಿ ಧ್ಯಾನಕ್ಕೇನು ಕೆಲಸ, ಕಣ್ಣು ಮುಚ್ಚಿ ಕೂತರೆ ಕಸ ಕರಗೀತೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ತರ್ಕಕ್ಕಿಂತ ತೈವಾನಿನ ಈಚಿನ ಚರಿತ್ರೆ ಚೆನ್ನಾಗಿ ಉತ್ತರ ಕೊಡುತ್ತದೆ. 1980ರ ದಶಕದ ಹೊತ್ತಿಗೆ ಆ ದ್ವೀಪ ಕಾರ್ಖಾನೆಗಳಿಂದ ದುಡ್ಡು ಕಂಡಿತ್ತು, ಜೊತೆಗೆ ಕಸವನ್ನೂ. ರಾಜಧಾನಿ ತೈಪೆಯ ನೇಹು ಪ್ರದೇಶದಲ್ಲಿ ಸುರಿದ ಕಸ ಬೆಟ್ಟದಂತೆ ಎದ್ದು ನಿಂತಿತ್ತು. ನಮ್ಮೂರಿಗೆ ಕಸದ ಲಾರಿ ಬಿಡುವುದಿಲ್ಲ ಎಂದು ಜನ ಅಲ್ಲಲ್ಲಿ ರಸ್ತೆಗೆ ಅಡ್ಡ ನಿಲ್ಲುತ್ತಿದ್ದರು. 1987ರಲ್ಲಿ ಸರ್ಕಾರ ಪರಿಸರಕ್ಕೆಂದೇ ಒಂದು ಇಲಾಖೆ ತೆರೆಯಿತು. ಇಲಾಖೆ ತೆರೆದ ಮಾತ್ರಕ್ಕೆ ಮನೆಯ ಕಸದ ಬುಟ್ಟಿ ಎರಡಾಗುವುದಿಲ್ಲ ಎನ್ನುವುದು ನಮಗೂ ಗೊತ್ತಿರುವ ಸಂಗತಿ.

1990ರ ಆಗಸ್ಟ್ 23ರಂದು ತೈಚುಂಗ್ ನಗರದಲ್ಲಿ ಚೆಂಗ್ ಯೆನ್ ಎಂಬ ಬೌದ್ಧ ಸನ್ಯಾಸಿನಿಯ ಉಪನ್ಯಾಸವಿತ್ತು. ಬರುವ ದಾರಿಯಲ್ಲಿ ಸಂತೆ ಮುಗಿದ ಬೀದಿಯ ಕಸ ಅವರ ಕಣ್ಣಿಗೆ ಬಿದ್ದಿತ್ತು. ಸಭೆ ಚಪ್ಪಾಳೆ ತಟ್ಟಿದಾಗ, ಅದೇ ಕೈಗಳನ್ನು ಕಸ ಎತ್ತಿ ವಿಂಗಡಿಸಲು ಬಳಸಿ ಎಂದರು. ಈ ಮಾತಿಗೆ ತೂಕ ಬಂದದ್ದು ಆಡಿದವರ ಬದುಕಿನಿಂದ. 1966ರಲ್ಲಿ ಹ್ವಾಲಿಯೆನ್‌ನಲ್ಲಿ ಅವರು ಕಟ್ಟಿದ ತ್ಸು ಚಿ ಸಂಸ್ಥೆಗೆ ಮೂವತ್ತು ಗೃಹಿಣಿಯರು ದಿನಾ ಬಿದಿರಿನ ಹುಂಡಿಗೆ ಹಾಕಿದ ಚಿಲ್ಲರೆ, ಸನ್ಯಾಸಿನಿಯರು ಹೊಲಿದು ಮಾರಿದ ಮಕ್ಕಳ ಬೂಟು ಇವೇ ಬಂಡವಾಳವಾಗಿದ್ದವು. ಕಸ ಹೆಕ್ಕುವುದು ಸೇವೆ, ಧ್ಯಾನ ಹೇಗಾದೀತು ಎಂದು ಯಾರಾದರೂ ಆಕ್ಷೇಪಿಸಬಹುದು. ಚೀನಾದ ಧ್ಯಾನಪಂಥದಲ್ಲಿ ಈ ಗೆರೆ ಅಷ್ಟು ಗಟ್ಟಿಯಾಗಿಲ್ಲ. ದುಡಿಯದ ದಿನ ಉಣ್ಣಬಾರದು ಎಂಬ ನೇಮವನ್ನು ಆ ಪರಂಪರೆ ಟ್ಯಾಂಗ್ ಕಾಲದ ಗುರು ಬೈಜಾಂಗನ ಹೆಸರಿನಲ್ಲಿ ಹೇಳಿಕೊಂಡು ಬಂದಿದೆ. ಗುದ್ದಲಿ ಹಿಡಿದ ಹೊತ್ತೂ ಸಾಧನೆಯ ಹೊತ್ತೇ ಎಂದು ಅಲ್ಲಿ ಎಣಿಸುತ್ತಾರೆ. ಹಾಗಾಗಿ ತ್ಸು ಚಿಯವರು ಕಸ ವಿಂಗಡಿಸುವ ಜಾಗವನ್ನೇ ಸಾಧನೆಯ ಜಾಗ ಎಂದು ಕರೆದಾಗ ತೈವಾನಿನ ಬೌದ್ಧರಿಗೆ ಅದು ವಿಚಿತ್ರವಾಗಿ ಕೇಳಿಸಲಿಲ್ಲ.

ಅಂಥ ಒಂದು ಕೇಂದ್ರದ ಕೆಲಸವನ್ನು ಹತ್ತಿರದಿಂದ ಗಮನಿಸಬೇಕು. ತಗ್ಗು ಮಣೆಗಳ ಮೇಲೆ ಕೂತವರಲ್ಲಿ ವಯಸ್ಸಾದ ಹೆಂಗಸರೇ ಹೆಚ್ಚು. ಒಂದೊಂದೇ ಪ್ಲಾಸ್ಟಿಕ್ ಚೀಲ ಎತ್ತಿಕೊಂಡು ಅಂಟಿದ ಟೇಪು, ಚೀಟಿಗಳನ್ನು ಕತ್ತರಿಯಿಂದ ಕತ್ತರಿಸುತ್ತಾರೆ. ಬಣ್ಣ, ಅಚ್ಚು ಇರುವ ಭಾಗ ಬೇರೆ, ಬಿಳಿಯದು ಬೇರೆ, ಏಕೆಂದರೆ ಬಣ್ಣ ಬೆರೆತರೆ ಗುಜರಿಯಲ್ಲಿ ಬೆಲೆ ಇಳಿಯುತ್ತದೆ. ಚೀಲ ಯಾವ ಜಾತಿಯದೆಂದು ತಿಳಿಯಲು ಮುಷ್ಟಿಯಲ್ಲಿ ಹಿಸುಕಿ ಕಿವಿಗೊಡುತ್ತಾರೆ: ಪಾಲಿಪ್ರೊಪಿಲೀನ್ ಚರಚರ ಎನ್ನುತ್ತದೆ, ಪಾಲಿಥಿಲೀನ್ ಮೆತ್ತಗೆ ಮಡಚಿಕೊಳ್ಳುತ್ತದೆ. ಮನಸ್ಸು ಅತ್ತಿತ್ತ ಹೋದರೆ ಈ ಕೆಲಸ ಸಾಗದು. ಪ್ಲಾಸ್ಟಿಕ್ ಚೀಲ ಬದುಕಿರುವುದೇ ನಮ್ಮ ಗಮನ ತಪ್ಪಿದಲ್ಲಿ. ಅಂಗಡಿಯವನು ಕೊಟ್ಟದ್ದೂ ನಾವು ಇಸಿದುಕೊಂಡದ್ದೂ ಇಬ್ಬರಿಗೂ ನೆನಪಿರುವುದಿಲ್ಲ. ದಿನಾ ನೂರಾರು ಚೀಲಗಳನ್ನು ಮುಟ್ಟಿ ನೋಡಿದವರಿಗೆ ಆ ಮರೆವು ಸಾಧ್ಯವಿಲ್ಲ. ಈ ಸ್ವಯಂಸೇವಕರು ತಮ್ಮ ಬಟ್ಟಲು, ಲೋಟ, ಊಟದ ಕಡ್ಡಿಗಳನ್ನು ಜೊತೆಗೇ ಒಯ್ಯುವುದನ್ನು ರೂಢಿ ಮಾಡಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಇತ್ತ ಧರ್ಮಭೇರಿ ಪರ್ವತ ಎಂಬ ಇನ್ನೊಂದು ಬೌದ್ಧ ಸಂಸ್ಥೆಯ ಧ್ಯಾನಗುರು ಶೆಂಗ್ ಯೆನ್ (ಹೆಸರು ಹತ್ತಿರ, ವ್ಯಕ್ತಿ ಬೇರೆ) 1992ರಲ್ಲಿ ಪರಿಸರ ರಕ್ಷಣೆ ಮನಸ್ಸಿನಿಂದಲೇ ಶುರುವಾಗಬೇಕು ಎಂಬ ವಿಚಾರವನ್ನು ಮುಂದಿಟ್ಟರು.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ತ್ಸು ಚಿಯ ಹತ್ತು ಶೀಲಗಳಲ್ಲಿ ಕೊನೆಯದು ರಾಜಕೀಯಕ್ಕೂ ಮೆರವಣಿಗೆಗೂ ಇಳಿಯಬಾರದು ಎನ್ನುತ್ತದೆ. ಹಾಗಾದರೆ ಚೀಲ ತಯಾರಿಸುವ ಕಾರ್ಖಾನೆಯನ್ನು ಕೇಳುವವರು ಯಾರು? ವಿಂಗಡಿಸಿದರಾಯಿತು ಎಂಬ ಸಮಾಧಾನ ಬಳಕೆಗೇ ರಹದಾರಿಯಾಗದೇ? ಈ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಇದೇ ಸಂಸ್ಥೆ ನೇಹುವಿನ ಸಂರಕ್ಷಿತ ಜಾಗದಲ್ಲಿ ಕಟ್ಟಡ ಎಬ್ಬಿಸಲು ಹೊರಟು, ಪರಿಸರವಾದಿಗಳ ವಿರೋಧದಿಂದ 2015ರಲ್ಲಿ ಹಿಂದೆ ಸರಿದದ್ದೂ ಉಂಟು. ಚೀಲವನ್ನು ಮೂಲದಲ್ಲೇ ತಡೆದದ್ದು ಕಾನೂನು: 2002ರ ಜುಲೈಯಲ್ಲಿ ಸರ್ಕಾರಿ ಸಂಸ್ಥೆ, ಶಾಲೆಗಳಲ್ಲಿ, 2003ರ ಜನವರಿಯಿಂದ ಸೂಪರ್‌ಮಾರ್ಕೆಟ್ಟು, ದೊಡ್ಡ ಅಂಗಡಿಗಳಲ್ಲಿ ಪುಕ್ಕಟೆ ಚೀಲ ನಿಂತಿತು. ಅದಕ್ಕೆ ಒತ್ತಡ ತಂದವರಲ್ಲಿ ಬೀದಿಗಿಳಿದವರು, ಕಡತ ಹಿಡಿದು ಓಡಾಡಿದವರು ಇದ್ದರು. ಆದರೂ ಧ್ಯಾನದ ಪಾಲು ಇಲ್ಲಿಗೆ ಮುಗಿಯಲಿಲ್ಲ. ಕಾನೂನು ಬಂದಾಗ ಕಸವನ್ನು ಕೈಯಿಂದ ಬಲ್ಲ, ಹನ್ನೆರಡು ವರ್ಷ ಬೇಸರವಿಲ್ಲದೆ ಕೂತು ವಿಂಗಡಿಸಿದ ಜನ ಊರೂರಲ್ಲಿದ್ದರು. ಬರೀ ಸಿಟ್ಟಿನಿಂದ ಹುಟ್ಟಿದ ಚಳವಳಿ ಅಷ್ಟು ವರ್ಷ ಬಾಳುವುದು ಅಪರೂಪ. ಧ್ಯಾನ ಆ ಬಾಳಿಕೆ ಕೊಟ್ಟಿತು, ಹೋರಾಟ ದಂಡ ಕೊಟ್ಟಿತು. ಎರಡರಲ್ಲಿ ಒಂದಿಲ್ಲದಿದ್ದರೂ ತೈವಾನಿನ ಕಥೆ ಬೇರೆಯಾಗುತ್ತಿತ್ತು ಎನ್ನುವುದು ನನ್ನ ತೀರ್ಮಾನ.

2018ರಲ್ಲಿ ತೈವಾನಿನ ನಿಯಮ ಬೇಕರಿ, ಔಷಧಿ ಅಂಗಡಿ, ಪುಸ್ತಕದಂಗಡಿಗಳಿಗೂ ಹಬ್ಬಿತು. ಕರ್ನಾಟಕ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿದೆ. ಆದರೂ ಸಂತೆಯಲ್ಲಿ ಸೊಪ್ಪು ಕೊಂಡರೆ ಕೇಳದೆಯೇ ಚೀಲ ಬರುತ್ತದೆ. ಮಠಗಳಿಗೂ ಧ್ಯಾನ ಕೇಂದ್ರಗಳಿಗೂ ನಮ್ಮಲ್ಲಿ ಬರವಿಲ್ಲ. ಅಲ್ಲಿ ಬೆಳಗಿನ ಧ್ಯಾನ ಮುಗಿಸಿ ಏಳುವವರು ವಾರಕ್ಕೊಂದು ಗಂಟೆ ತಮ್ಮ ವಾರ್ಡಿನ ಒಣಕಸ ಕೇಂದ್ರದಲ್ಲಿ ಕೂತು, ಆಮೇಲೆ ನಗರಸಭೆಯ ಬಾಗಿಲನ್ನೂ ತಟ್ಟಲಿ.