ದೊಡ್ಡ ಸ್ವಾಮಿಗಳ ಲೆಕ್ಕ

ನಂಜನಗೂಡು, ತಿ. ನರಸೀಪುರದ ಕಡೆ ಕೆಥೊಲಿಕರ ಭಾನುವಾರ ಅಂದ್ರೆ ಇಷ್ಟೇ: ಬೆಳಿಗ್ಗೆ ಒಗೆದ ಬಟ್ಟೆ ಉಟ್ಟು ಚರ್ಚಿನಲ್ಲಿ ಕನ್ನಡ ಪೂಜೆ, ಮಧ್ಯಾಹ್ನ ಮಾಂಸದ ಸಾರು, ಮುದ್ದೆ, ಬಿಸಿಲಿಳಿದ ಮೇಲೆ ಕಪಿಲೆ ದಡದಲ್ಲೋ ತಿರುಮಕೂಡಲ ಸಂಗಮದಲ್ಲೋ ಒಂದು ಸುತ್ತು. ಇದರಲ್ಲೇನು ಇತಿಹಾಸ ಅಂತೀರಾ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕೆಥೊಲಿಕರನ್ನು ಒಟ್ಟುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ಪೇಟ ಸುತ್ತಿ, ಗಡ್ಡ ಬಿಟ್ಟು, ನಮ್ಮವರ ಹಾಗೇ ಬದುಕಿದರು. ಜನ ‘ದೊಡ್ಡ ಸ್ವಾಮಿ’ ಅಂದ್ರು. 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದರು. ಆದರೆ 1823ರಲ್ಲಿ, ಫ್ರಾನ್ಸಿಗೆ ಮರಳಿದ ವರ್ಷವೇ, ಅಚ್ಚಾದ ಅವರ ಪತ್ರಗಳಲ್ಲಿ ಬರೀ ನಿರಾಶೆ: ಅಷ್ಟು ವರ್ಷ ದುಡಿದರೂ ಹೊಸದಾಗಿ ಸೇರಿದವರು ಇನ್ನೂರು ಮುನ್ನೂರು ಜನ ಮಾತ್ರ, ಹಿಂದೂಗಳ ಮತಾಂತರ ಆಗದ ಮಾತು.

ಅವರು ಎಣಿಸಿದ್ದು ಸೇರಿದವರನ್ನು. ಉಳಿದುಕೊಂಡವರನ್ನಲ್ಲ. ಲ್ಯಾಟಿನ್ ಪೂಜೆ ಅರ್ಥವಾಗದಿದ್ದರೂ ಮೊಣಕಾಲೂರಿದ ಅಜ್ಜಿಯರನ್ನು ಯಾವ ಲೆಕ್ಕಕ್ಕೆ ಹಾಕೋದು? 1962-65ರ ವ್ಯಾಟಿಕನ್ ಸಭೆಯ ನಂತರ ಪೂಜೆ ಕನ್ನಡಕ್ಕೆ ಬರುವವರೆಗೂ ಭಕ್ತಿಯನ್ನು ಕಾಯ್ದವರು ಅವರು.

ಜೂನ್ 13ಕ್ಕೆ ಕೆ.ಆರ್. ನಗರದ ಹತ್ತಿರದ ಡೋರ್ನಹಳ್ಳಿಗೆ ಹೋಗಿ ನೋಡಿ. ಸಂತ ಅಂತೋಣಿಯವರ ಹಬ್ಬಕ್ಕೆ ಹರಕೆ ಹೊತ್ತು ಎಲ್ಲ ಜಾತಿ, ಧರ್ಮದವರೂ ಬರ್ತಾರೆ. ಪ್ರಾರ್ಥಿಸಿ, ಮೇಣದಬತ್ತಿ ಹಚ್ಚಿ, ತಮ್ಮ ತಮ್ಮ ದೇವರುಗಳಿರುವ ಮನೆಗೆ ವಾಪಸ್ ಹೋಗ್ತಾರೆ. ದೊಡ್ಡ ಸ್ವಾಮಿಗಳ ಲೆಕ್ಕದಲ್ಲಿ ಇವರಿಗೆ ಕಲಮೇ ಇರಲಿಲ್ಲ.